ಒಳಬಳೆ, ಹೊರಬಳೆ

“ಅಮ್ಮಾ, ನಿನ್ನಿಂದ ಆಗದು ಎಂದವರಿಗೆ, ಆಯಿತು ಎಂದು ತಿಳಿಯುವ ಹಾಗೆ ಮಾಡುವುದು ಹೇಗೆ?” ಎಂದು ಹೊನ್ನವ್ವ ಕೇಳಿದಳು.

ಆಗದು ಎಂದವರು ಒಬ್ಬರಲ್ಲ. ಕೈಯಲ್ಲಿದ್ದ ಪಾಟಿ ಕಸಿದು ಸಗಣಿ ಬುಟ್ಟಿ ಕೊಟ್ಟ ಸೋದರಮಾವ ಮೊದಲಿನವನು. ಎಮ್ಮೆಗೆ ಕನ್ನಡಕ ಹಾಕಿದರೆ ಓದು ಬರುತ್ತದೆಯೇ ಎಂದು ನಕ್ಕ ನಾದಿನಿ ಆಮೇಲಿನವಳು. ಹೆಬ್ಬೆಟ್ಟಿಗೆ ಮಸಿ ಹಚ್ಚುತ್ತಾ, ಈ ಜನ್ಮಕ್ಕೆ ಇದೇ ನಿನ್ನ ಸಹಿ ಎಂದ ಊರಿನ ಗುಮಾಸ್ತನೂ ಇದ್ದ. ಹೊನ್ನವ್ವ ಯಾರನ್ನೂ ಮರೆತಿರಲಿಲ್ಲ. ತಲೆಯಲ್ಲಿ ಬಿಳಿಕೂದಲು ಮೂಡಿದ ಮೇಲೆ, ಮಠದ ಅಡುಗೆಮನೆಗೆ ಬೇಳೆ ಬೆಲ್ಲ ಕಟ್ಟಿಕೊಂಡು ಬಂದ ಕಾಗದಗಳನ್ನು ನೆರಿಗೆ ಬಿಡಿಸಿ, ಅಕ್ಷರಕ್ಕೆ ಅಕ್ಷರ ಕೂಡಿಸಿ, ತಾನೇ ಓದು ಕಲಿತಿದ್ದಳು. ಈಗ ಶ್ರಾವಣದ ಪುರಾಣವನ್ನು ತಡವರಿಸದೆ ಓದುತ್ತಿದ್ದಳು. ಊರಿಗೆ ಹೋಗಿ, ಮಾವನ ಪಡಸಾಲೆಯಲ್ಲೇ ಕುಳಿತು, ಅವನ ಕಿವಿಯಲ್ಲಿ ಬೀಳುವ ಹಾಗೆ ಒಂದು ಅಧ್ಯಾಯ ಓದಿ ಬರಬೇಕೆಂಬುದು ಅವಳ ಹಟ. ಮಠದ ಹಿರಿಯರಾದ ಅಮ್ಮನವರ ಅಪ್ಪಣೆ ಕೇಳಲು ಬಂದಿದ್ದಳು.

ಅಮ್ಮನವರು ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಕೂತುಕೋ ಎಂದರು. ಅವಳು ಕುಳಿತ ಮೇಲೆ ಈ ಕತೆ ಹೇಳಿದರು.

ಒಂದು ತಾಲೂಕಿನ ಊರು. ಬಸ್ ನಿಲ್ದಾಣದ ಎದುರಿಗೆ ಬಾಡಿಗೆ ಕಾರುಗಳ ಸ್ಟ್ಯಾಂಡು. ಅದರ ಮಗ್ಗುಲಲ್ಲಿ ಒಂದು ಖಾನಾವಳಿ. ಅಲ್ಲಿ ಫಕೀರವ್ವ ಎಂಬ ಹೆಂಗಸು ರೊಟ್ಟಿ ಬಡಿಯುತ್ತಿದ್ದಳು. ಅವಳ ಒಲೆಯ ಮುಂದೆ ಒಂದು ಕಿಟಕಿ ಇತ್ತು. ಕಿಟಕಿಯ ಆಚೆ ಬೇವಿನ ಮರದ ನೆರಳು. ಡ್ರೈವರುಗಳು ಕಾರು ಬಿಚ್ಚುವುದು, ಮತ್ತೆ ಕಟ್ಟುವುದು ಆ ನೆರಳಿನಲ್ಲೇ. ಫಕೀರವ್ವನ ಕೈ ರೊಟ್ಟಿಯ ಮೇಲೆ, ಕಣ್ಣು ಕಿಟಕಿಯ ಆಚೆ. ವರ್ಷಗಟ್ಟಲೆ ಹೀಗೆ ನೋಡಿದಳು. ಯಾವ ಬೋಲ್ಟು ಮೊದಲು, ಯಾವುದು ಆಮೇಲೆ ಎಂಬುದು ಅವಳಿಗೆ ಬಾಯಿಪಾಠವಾಯಿತು. ಒಂದು ದಿನ ಒಲೆಯ ಮುಂದಿನಿಂದ ಎದ್ದಳು. ಕಾರು ಓಡಿಸುವುದನ್ನು ಕಲಿತಳು. ಯಾರಿಗೂ ಬೇಡವಾಗಿ ಮೂಲೆ ಹಿಡಿದಿದ್ದ ಒಂದು ಹಳೆಯ ಬಿಳಿ ಕಾರನ್ನು ಕೊಂಡು, ತೊಳೆದು, ಸ್ಟ್ಯಾಂಡಿನ ಸಾಲಿನಲ್ಲಿ ಕೊನೆಗೆ ನಿಲ್ಲಿಸಿದಳು.

ಆ ಸ್ಟ್ಯಾಂಡಿಗೆ ಯಮನೂರಪ್ಪ ಎಂಬ ಡ್ರೈವರು ಹಿರಿಯ. ಯಾರ ಪಾಳಿ ಮೊದಲು, ಯಾರದು ಆಮೇಲೆ ಎಂದು ಹೇಳುವವನು ಅವನೇ. ಅವನು ಬಿಳಿ ಕಾರಿನ ಸುತ್ತ ಒಂದು ಸುತ್ತು ಬಂದ. ಟೈರಿಗೆ ಕಾಲಿನಿಂದ ಒದ್ದು ನೋಡಿದ.

“ರೊಟ್ಟಿ ಬಡಿಯೋ ಕೈಗೆ ಸ್ಟೇರಿಂಗ್ ಒಗ್ಗಂಗಿಲ್ಲವ್ವಾ. ದೀಪಾವಳಿ ಮಟ ನೀ ಈ ಸಾಲಿನ್ಯಾಗ ನಿಂತರ ನಾ ಮೀಸಿ ಬೋಳಿಸ್ತೀನಿ” ಎಂದ.

ದೀಪಾವಳಿ ಹೋಯಿತು, ಯುಗಾದಿಯೂ ಹೋಯಿತು. ಫಕೀರವ್ವ ಸಾಲಿನಲ್ಲಿ ಇದ್ದಳು. ಯಮನೂರಪ್ಪನ ಮೀಸೆಯೂ ಇದ್ದಲ್ಲೇ ಇತ್ತು.

ಅವಳಿಗೆ ಕಾಯಂ ಬಾಡಿಗೆ ಎಂದರೆ ಒಂದೇ. ತುಳಸಾಬಾಯಿ ಎಂಬ ಮುದುಕಿಗೆ ಮೂತ್ರಪಿಂಡದ ಕಾಯಿಲೆ. ವಾರವಾರವೂ ದೊಡ್ಡ ಊರಿನ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕು. ಮಗ ಶಾಲೆಯ ಮಾಸ್ತರ, ಅವನಿಗೆ ಬಿಡುವಿಲ್ಲ. ಹೆಂಗಸಿನ ಕಾರಾದರೆ ತಾಯಿಗೆ ಹಗುರ ಎಂದು ಅವನೇ ಫಕೀರವ್ವನನ್ನು ಗೊತ್ತು ಮಾಡಿದ್ದ. ಉಳಿದ ಬಾಡಿಗೆ ಬಂದರೆ ಬಂತು, ಇಲ್ಲವಾದರೆ ಇಲ್ಲ. ಕಾರು ಕಾರಾಗಿ ಉಳಿದದ್ದು ಈ ಮುದುಕಿಯಿಂದ. ಅದು ತಪ್ಪಿದರೆ ಮತ್ತೆ ರೊಟ್ಟಿಯ ಒಲೆಯೇ ಗತಿ ಎಂದು ಫಕೀರವ್ವನಿಗೆ ಗೊತ್ತಿತ್ತು.

ಹೀಗಿರುವಾಗ ಕಾರಿನ ಮುಂದಿನ ಚಕ್ರ ಗುಂಯ್‌ಗುಡಲು ತೊಡಗಿತು.

ಮೊದಮೊದಲು ಜೋರಾಗಿ ಹೋದಾಗ ಮಾತ್ರ. ಆಮೇಲೆ ಮೆಲ್ಲಗೆ ಹೋದಾಗಲೂ. ಕಾರು ಬಲಕ್ಕೆ ಹೊರಳಿದರೆ ಸದ್ದು ಏರುತ್ತಿತ್ತು, ಎಡಕ್ಕೆ ಹೊರಳಿದರೆ ತಗ್ಗುತ್ತಿತ್ತು. ಬಲಕ್ಕೆ ಹೊರಳಿದಾಗ ಕಾರಿನ ಭಾರ ಎಡಚಕ್ರದ ಮೇಲೆ ಬೀಳುತ್ತದೆ. ಭಾರ ಬಿದ್ದಾಗ ಅಳುವುದೇ ನೋವಿರುವ ಕಾಲು. ಹಾಗೆಂದು ಅವಳು ಎಡಚಕ್ರವನ್ನು ಜಾಕಿಯಿಂದ ಎತ್ತಿದಳು. ಒಂದು ಕೈಯಿಂದ ಚಕ್ರ ತಿರುವಿ, ಇನ್ನೊಂದು ಕೈಯನ್ನು ಸ್ಪ್ರಿಂಗಿನ ಮೇಲೆ ಇಟ್ಟಳು. ಬೀಸುಕಲ್ಲಿನಲ್ಲಿ ಮರಳು ಸಿಕ್ಕಂತೆ ಅಂಗೈಗೆ ಗರಗರ ಎಂದಿತು. ಬೇರಿಂಗ್ ಹೋಗಿದೆ ಎಂದು ತಿಳಿಯಿತು.

ತುಳಸಾಬಾಯಿ ಬಾಗಿಲ ಮೇಲಿನ ಹಿಡಿಕೆಗೆ ಜೋತುಬಿದ್ದೇ ಪ್ರಯಾಣ ಮಾಡತೊಡಗಿದಳು. ಚಕ್ರ ಕಳಚಿ ತಾನು ಹಳ್ಳಕ್ಕೆ ಬೀಳುತ್ತೇನೆಂದು ಅವಳ ಹೆದರಿಕೆ. ಹೆದರಿಕೆ ಸುಳ್ಳೂ ಅಲ್ಲ. ಸ್ಟ್ಯಾಂಡಿನಲ್ಲಿ ಬೇರೆಯೇ ಹಾಡು. ಬಿಳಿ ಕಾರು ತಿರುವಿನಲ್ಲಿ ಬರುವ ಮೊದಲೇ ಸದ್ದು ಬರುತ್ತಿತ್ತು. “ಏನವ್ವಾ ಫಕೀರವ್ವ, ಕಾರಿನ್ಯಾಗ ಜೇನು ಸಾಕೀಯೇನು? ತುಪ್ಪ ಯಾವಾಗ ಇಳಸ್ತಿ?” ಎಂದು ಯಮನೂರಪ್ಪ ಕೇಳಿದ. ಆಡಿಕೊಳ್ಳುವವರ ಬಾಯಿಗೆ ಸಕ್ಕರೆ ಬಿದ್ದಂತಾಯಿತು.

ಗ್ಯಾರೇಜಿನವನು ಚಕ್ರ ಅಲ್ಲಾಡಿಸಿ ನೋಡಿ, ಇದಕ್ಕೆ ಕೈ ಹಚ್ಚುವುದಿಲ್ಲ ಎಂದ. ಈ ಕಾರು ಮಾಡುವುದೇ ನಿಂತು ಹೋಗಿದೆ, ತೂಕಕ್ಕೆ ಹಾಕಿ ಬೇರೆಯದು ತೆಗೆದುಕೋ ಎಂದು ಬುದ್ಧಿ ಹೇಳಿದ. ತಾನೇ ಮಾಡುತ್ತೇನೆ ಎಂದಳು ಫಕೀರವ್ವ. ಅವನು ನಗಲೂ ಇಲ್ಲ. ಆಗದವ್ವಾ ಎಂದು ಕೈ ಒರೆಸಿಕೊಂಡ.

ಅವಳು ದೊಡ್ಡ ಊರಿನಿಂದ ಹೊಸ ಬೇರಿಂಗ್ ತಂದಳು.

ಹೊನ್ನವ್ವ ನಡುವೆ ಬಾಯಿ ಹಾಕಿ, ಬೇರಿಂಗ್ ಎಂದರೆ ಹೇಗಿರುತ್ತದೆ ಎಂದು ಕೇಳಿದಳು. ಅಮ್ಮನವರು ತಮ್ಮ ಕೈ ಮುಂದೆ ಚಾಚಿದರು. ಎರಡು ಉಕ್ಕಿನ ಬಳೆ ಎಂದುಕೋ ಎಂದರು. ದೊಡ್ಡ ಬಳೆಯೊಳಗೆ ಸಣ್ಣ ಬಳೆ. ಎರಡರ ನಡುವೆ ಉಕ್ಕಿನ ಗುಂಡುಗಳು. ಕಾರಿಗೆ ಕೈಗೆಣ್ಣಿನಂಥ ಒಂದು ಕಬ್ಬಿಣವಿದೆ, ಅದರ ತೂತಿನಲ್ಲಿ ಹೊರಬಳೆ ಬಿಗಿಯಾಗಿ ಕೂರುತ್ತದೆ. ಚಕ್ರವನ್ನು ಹೊರುವ ಹಬ್ ಬಂದು ಒಳಬಳೆಯಲ್ಲಿ ಬಿಗಿಯಾಗಿ ಕೂರುತ್ತದೆ. ಒಳಬಳೆ ಚಕ್ರದ ಜೊತೆಗೆ ತಿರುಗುತ್ತದೆ, ಹೊರಬಳೆ ಅಲ್ಲಾಡದೆ ಇರುತ್ತದೆ. ನಡುವಿನ ಗುಂಡುಗಳು ಉರುಳುತ್ತವೆ. ಇಡೀ ಕಾರಿನ ಭಾರ ಆ ಗುಂಡುಗಳ ಬೆನ್ನ ಮೇಲೆ.

ಮತ್ತೆ ಕತೆ ಹಿಡಿದರು.

ಬೇವಿನ ಮರದ ನೆರಳಿನಲ್ಲಿ, ಎಲ್ಲರ ಕಣ್ಣ ಮುಂದೆಯೇ, ಫಕೀರವ್ವ ಚಕ್ರ ಬಿಚ್ಚಿದಳು. ನಡುವಿನ ದೊಡ್ಡ ನಟ್ಟನ್ನು ಕಾರು ನೆಲದ ಮೇಲೆ ಇರುವಾಗಲೇ ಸಡಿಲಿಸಬೇಕು; ಎತ್ತಿದ ಮೇಲೆ ಚಕ್ರ ತಿರುಗಿಬಿಡುತ್ತದೆ, ನಟ್ಟು ಬರುವುದಿಲ್ಲ. ಅವಳು ನಟ್ಟು ತಿರುವುವ ಪಾನಾದ ಹಿಡಿಗೆ ಉದ್ದನೆಯ ಕೊಳವೆ ಸಿಕ್ಕಿಸಿ, ಅದರ ಮೇಲೆ ನಿಂತಳು. ನಟ್ಟು ಕಿರ್ರೆಂದು ಬಿಟ್ಟುಕೊಟ್ಟಿತು. ಬ್ರೇಕನ್ನು ಬಿಚ್ಚಿ, ಅದರ ರಬ್ಬರು ಕೊಳವೆಯ ಮೇಲೆ ಭಾರ ಬೀಳದ ಹಾಗೆ ತಂತಿಯಲ್ಲಿ ತೂಗುಹಾಕಿದಳು. ಕಿಟಕಿಯಿಂದ ನೋಡಿದ್ದು ಯಾವುದೂ ಸುಳ್ಳಾಗಲಿಲ್ಲ. ಬೇರಿಂಗ್ ಕೂತಿದ್ದ ಕಬ್ಬಿಣದ ಗೆಣ್ಣು ಕೈಗೆ ಬಂತು. ಅದನ್ನು ಗೋಣಿಚೀಲದಲ್ಲಿ ಸುತ್ತಿ, ತಲೆಯ ಮೇಲೆ ಹೊತ್ತು, ಮೌಲಾಸಾಬನ ಲೇತಿನ ಅಂಗಡಿಗೆ ನಡೆದಳು.

ಬೇರಿಂಗ್ ಕೂರಿಸುವುದು ಸುತ್ತಿಗೆಯ ಕೆಲಸವಲ್ಲ, ಮೇಲಿನಿಂದ ಬಲವಾಗಿ ಒತ್ತುವ ಪ್ರೆಸ್ಸಿನ ಕೆಲಸ. ಊರಿನಲ್ಲಿ ಇದ್ದ ಪ್ರೆಸ್ಸು ಮೌಲಾಸಾಬನದು ಒಂದೇ. ಅವನು ಟ್ರ್ಯಾಕ್ಟರಿನ ಟ್ರಾಲಿಗಳಿಗೆ ಬೆಸುಗೆ ಹಾಕುವವನು. ನನಗೆ ಟ್ರಾಲಿ ಗೊತ್ತು, ಕಾರಿನ ಗೊಡವೆ ಬೇಡ, ಪ್ರೆಸ್ಸು ಅಲ್ಲಿದೆ, ನೀನುಂಟು ಅದುಂಟು ಎಂದು ಹೇಳಿ ಮತ್ತೆ ಬೆಸುಗೆಗೆ ಮುಖ ಕೊಟ್ಟ.

ಹಳೆಯ ಬೇರಿಂಗ್ ಹೊರಬಂತು. ಹೊಸದನ್ನು ಗೆಣ್ಣಿನ ತೂತಿನ ಮೇಲೆ ಇಟ್ಟಳು. ಹಳೆಯದರ ಹೊರಬಳೆಯನ್ನು ಹೊಸದರ ಹೊರಬಳೆಯ ಮೇಲೆ ಇಟ್ಟು ಒತ್ತಿದಳು. ಸರಿಯಾಗಿ ಕೂತಿತು. ಇನ್ನು ಉಳಿದದ್ದು ಹಬ್ ಒಂದೇ. ಗೆಣ್ಣನ್ನು ಎರಡು ಕಬ್ಬಿಣದ ದಿಮ್ಮಿಗಳ ಮೇಲೆ ಇಟ್ಟು, ಮೇಲಿನಿಂದ ಹಬ್ ಹೊಂದಿಸಿ, ಪ್ರೆಸ್ಸಿನ ಹಿಡಿಗೆ ಕೈ ಹಾಕಿದಳು.

ಆಗ ಅವಳ ಕೈ ನಿಂತಿತು.

ಬಗ್ಗಿ ಕೆಳಗೆ ನೋಡಿದಳು. ದಿಮ್ಮಿಗಳು ಗೆಣ್ಣಿಗೆ ಆಸರೆಯಾಗಿದ್ದವು. ಒಳಬಳೆಯ ಕೆಳಗೆ ಏನೂ ಇರಲಿಲ್ಲ, ಬರೀ ಗಾಳಿ. ಏನೋ ಸರಿಯಿಲ್ಲ ಎನಿಸಿತು. ಏನೆಂದು ತಿಳಿಯಲಿಲ್ಲ. ಇದು ಕಿಟಕಿಯಿಂದ ಕಾಣದ ಕೆಲಸ. ಸ್ಟ್ಯಾಂಡಿನಲ್ಲಿ ಪ್ರೆಸ್ಸು ಇರಲಿಲ್ಲವಲ್ಲ. ಒಂದು ಗಳಿಗೆ ನಿಂತು ಯೋಚಿಸಿದ್ದರೆ ತಿಳಿಯುತ್ತಿತ್ತು.

ಆದರೆ ಅಂಗಡಿಯ ಬಾಗಿಲಲ್ಲಿ ಯಮನೂರಪ್ಪ ನಿಂತಿದ್ದ. ಸ್ಟ್ಯಾಂಡಿನ ನಾಲ್ಕು ಮಂದಿಯನ್ನು ಬೆನ್ನಿಗೆ ಕಟ್ಟಿಕೊಂಡು, ಚಹಾದ ಕಪ್ಪು ಹಿಡಿದು, ನೋಡಲೆಂದೇ ಬಂದಿದ್ದ.

“ಯಾಕವ್ವಾ ನಿಂತಿ? ಹಿಟ್ಟಿಗೆ ಉಪ್ಪು ಹಾಕೋದು ಮರ್ತಿಯೇನು?” ಎಂದ.

ಎಲ್ಲರೂ ನಕ್ಕರು. ಫಕೀರವ್ವನ ಕಿವಿ ಕೆಂಪಾಯಿತು. ನಿಂತವಳು ಅಂದರೆ ಬಾರದವಳು ಎಂದು ಅರ್ಥ. ಅವಳು ಹಿಡಿಯನ್ನು ಒತ್ತಿದಳು. ಒತ್ತಿದ್ದು ಕೈಯಲ್ಲ, ಆ ನಗೆ. ಹಬ್ ಸಲೀಸಾಗಿ ಇಳಿಯಿತು. ಕೊನೆಗೆ ಟಕ್ ಎಂದು ಕೂತಿತು. ತಿರುವಿ ನೋಡಿದಳು. ತಿರುಗಿತು. ತಲೆ ಎತ್ತಿ ಬಾಗಿಲ ಕಡೆ ನೋಡಿದಳು. ಯಮನೂರಪ್ಪ ಚಹಾ ಕುಡಿಯುತ್ತಿದ್ದ.

ಆ ಸ್ಟ್ಯಾಂಡಿನಲ್ಲಿ ಒಂದು ಪದ್ಧತಿ ಇತ್ತು. ಯಾರ ಕಾರಿಗಾದರೂ ದೊಡ್ಡ ರಿಪೇರಿ ಆದರೆ, ಅವರು ಎಲ್ಲರಿಗೂ ಗಿರ್ಮಿಟ್ಟು ಮಿರ್ಚಿ ತಿನ್ನಿಸಬೇಕು. ಆದರೆ ರಿಪೇರಿಯಾದ ಕಾರು ಒಂದು ತಿಂಗಳು ತಾಳಿದ ಮೇಲೆ. ಫಕೀರವ್ವ ಅಷ್ಟು ಕಾಯಲಿಲ್ಲ. ಚಕ್ರ ಕಟ್ಟಿದ ದಿನವೇ ತಟ್ಟೆಗಳನ್ನು ತರಿಸಿದಳು. ಎಲ್ಲರ ಬಾಯಲ್ಲಿ ಮಿರ್ಚಿ ಇರುವಾಗ ಬಿಳಿ ಕಾರನ್ನು ಸ್ಟ್ಯಾಂಡಿನ ಸುತ್ತ ಮೂರು ಸುತ್ತು ಓಡಿಸಿದಳು. ಕಿಟಕಿಯ ಗಾಜು ಇಳಿಸಿ, ಈಗ ಕಿವಿಗೊಟ್ಟು ಕೇಳ್ರಿ ಎಂದಳು. ಕೇಳಲು ಏನೂ ಇರಲಿಲ್ಲ. ಯಮನೂರಪ್ಪ ಇನ್ನೊಂದು ಮಿರ್ಚಿ ತೆಗೆದುಕೊಂಡ.

ಮರುವಾರ ತುಳಸಾಬಾಯಿ ಹಿಡಿಕೆ ಬಿಟ್ಟು ಕುಳಿತಳು. ಅದರ ಮುಂದಿನ ವಾರವೂ ಕುಳಿತಳು. ಅದಾದ ಮೇಲೆ ಒಂದು ದಿನ, ದಾರಿಯ ನಡುವೆ, ಫಕೀರವ್ವನ ಅಂಗಾಲಿಗೆ ಸಣ್ಣ ನಡುಕವೊಂದು ಮುಟ್ಟಿತು.

ರಸ್ತೆ ಸರಿಯಿಲ್ಲ ಎಂದುಕೊಂಡಳು. ರಸ್ತೆ ಮುಗಿಯಿತು, ಹೊಸ ಡಾಂಬರು ಬಂತು, ಅದು ಹೋಗಲಿಲ್ಲ. ಟೈರು ಸವೆದಿದೆ ಎಂದುಕೊಂಡಳು. ಟೈರನ್ನು ಹಿಂದಿನ ಚಕ್ರಕ್ಕೆ ಹಾಕಿ ನೋಡಿದಳು, ಆ ನಡುಕ ಮುಂದೆಯೇ ಉಳಿಯಿತು. ಆಮೇಲೆ ರೇಡಿಯೊ ಹಚ್ಚಿದಳು. ದಿನದಿನಕ್ಕೆ ರೇಡಿಯೊ ಜೋರಾಯಿತು.

ಕೇಳಿಸದ ಹಾಗೆ ಮಾಡಿದರೆ ಇಲ್ಲವಾಗುತ್ತದೆಯೇ ಎಂದು ಹೊನ್ನವ್ವ ನಕ್ಕಳು. ಅವಳೇನೂ ಅಂಥ ಮೂರ್ಖಳಲ್ಲ ಎಂದರು ಅಮ್ಮನವರು. ಮಿರ್ಚಿ ತಿಂದವರಿಗೆ ಏನು ಹೇಳಲಿ ಎಂಬುದೊಂದೇ ಅವಳ ಚಿಂತೆ.

ಒಂದು ಸಲ ಆಸ್ಪತ್ರೆಯಿಂದ ಹಿಂದಿರುಗುವಾಗ ತುಳಸಾಬಾಯಿ ಮುಂದಕ್ಕೆ ಬಾಗಿ, “ಹಾಡು ತೆಗಿಯವ್ವಾ, ತಲಿ ನೋಯ್ತೈತಿ” ಎಂದಳು.

ಫಕೀರವ್ವ ರೇಡಿಯೊ ಆರಿಸಿದಳು. ಕಾರಿನ ತುಂಬ ಗುಂಯ್ ಎಂಬ ಸದ್ದು ಕೇಳಿಸಿತು. ಮುದುಕಿ ಕಿವಿಗೊಟ್ಟು ಕೇಳಿದಳು. ಕೈ ಎತ್ತಿ ಬಾಗಿಲ ಮೇಲಿನ ಹಿಡಿಕೆ ಹಿಡಿದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಫಕೀರವ್ವನಿಗೆ ಅನಿಸಿತು.

ಮಾಸ್ತರ ತನ್ನ ಮನೆಯ ಕಟ್ಟೆಯ ಮೇಲೆ ನಿಂತು ನಯವಾಗಿಯೇ ಹೇಳಿದ. ಅವಳ ಮೇಲೆ ತನಗೆ ಸಿಟ್ಟಿಲ್ಲ, ಆದರೆ ಕಾಯಿಲೆಯ ಜೀವವನ್ನು ಅಂಥ ಚಕ್ರದ ಮೇಲೆ ಕಳಿಸಲಾರೆ. ಮುಂದಿನ ವಾರ ಸದ್ದು ಇದ್ದರೆ ಯಮನೂರಪ್ಪನ ಕಾರು ಗೊತ್ತು ಮಾಡುತ್ತೇನೆ ಎಂದ. ಆಗಲಿ ಎಂದು ಬಂದಳು.

ಅವಳು ಮನೆಯ ಹಿಂದೆ ಕಾರು ನಿಲ್ಲಿಸಿ, ಚಕ್ರ ಮತ್ತೆ ಬಿಚ್ಚಿದಳು. ಹಬ್ ಕೀಳುವಾಗ ಒಳಬಳೆ ಅದಕ್ಕೇ ಅಂಟಿಕೊಂಡು ಬಂತು. ಗುಂಡುಗಳು ನೆಲದ ಮೇಲೆ ಚೆಲ್ಲಾಡಿದವು. ಸಿಟ್ಟಿನಿಂದ ಅವನ್ನು ಆರಿಸುತ್ತಾ ಕುಳಿತಳು. ಅಂಗಡಿಯವನು ಕೆಟ್ಟ ಬೇರಿಂಗ್ ಕೊಟ್ಟ ಎಂದು ಬೈದಳು. ಯಮನೂರಪ್ಪನ ಕಣ್ಣು ತಾಗಿತು ಎಂದು ಬೈದಳು. ಬೈಯಲು ಇನ್ನು ಯಾರೂ ಉಳಿಯದಾಗ, ಹಬ್ ಎತ್ತಿಕೊಂಡು, ಸೆರಗಿನ ತುದಿಯಿಂದ ಒಳಬಳೆಯ ಜಿಡ್ಡು ಒರೆಸಿ, ಬಿಸಿಲಿಗೆ ಹಿಡಿದಳು.

ಕನ್ನಡಿಯಂತೆ ನುಣುಪಾಗಿರಬೇಕಾದ ಉಕ್ಕಿನ ಮೇಲೆ ಸಣ್ಣ ಸಣ್ಣ ಗುಳಿಗಳು. ನಾದಿದ ಹಿಟ್ಟಿನ ಮೇಲೆ ಬೆರಳಿನ ತುದಿ ಒತ್ತಿದ ಹಾಗೆ. ಒಂದರಿಂದ ಒಂದಕ್ಕೆ ಒಂದೇ ಅಂತರ. ಸವೆತ ಹೀಗೆ ಸಾಲಾಗಿ ಬರುವುದಿಲ್ಲ. ಅವಳು ಒಂದು ಗುಂಡನ್ನು ಒಂದು ಗುಳಿಯಲ್ಲಿ ಇಟ್ಟಳು. ಕೂತಿತು. ಇನ್ನೊಂದನ್ನು ಪಕ್ಕದ ಗುಳಿಯಲ್ಲಿ ಇಟ್ಟಳು. ಅದೂ ಕೂತಿತು.

ಫಕೀರವ್ವನಿಗೆ ತನ್ನ ಬೆನ್ನಿನ ಮೇಲಿನ ಹಳೆಯ ಪೆಟ್ಟುಗಳು ನೆನಪಾದವು. ಚಿಕ್ಕಂದಿನಲ್ಲಿ ಅವಳ ಅಪ್ಪನಿಗೂ ದೊಡ್ಡಪ್ಪನಿಗೂ ಆಗುತ್ತಿರಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಒಂದು ಮಾತು ಆಡುತ್ತಿರಲಿಲ್ಲ. ಅಪ್ಪನ ಮೇಲಿನ ಸಿಟ್ಟಿಗೆ ದೊಡ್ಡಪ್ಪ ಬಾರಿಸುತ್ತಿದ್ದದ್ದು ಅವಳ ಬೆನ್ನಿಗೆ. ಪೆಟ್ಟು ಅಪ್ಪನಿಗೆ ಎಂದು ಹೊರಟಿದ್ದು, ನಡುವೆ ಇದ್ದವಳ ಮೈಮೇಲೆ ಬಾಸುಂಡೆಯಾಗುತ್ತಿತ್ತು.

ಆಗ ತಿಳಿಯಿತು. ಮೇಲಿನಿಂದ ತಾನು ಹಬ್ ಒತ್ತಿದ್ದಳು. ಹಬ್ ಒಳಬಳೆಯನ್ನು ಒತ್ತಿತು. ಒಳಬಳೆಯ ಕೆಳಗೆ ಆಸರೆ ಇರಲಿಲ್ಲ. ಆಸರೆ ಇದ್ದದ್ದು ಹೊರಬಳೆಗೆ. ಒಳಬಳೆಯಿಂದ ಹೊರಬಳೆಗೆ ಹೋಗಲು ಆ ಒತ್ತಡಕ್ಕೆ ಒಂದೇ ದಾರಿ, ನಡುವಿನ ಗುಂಡುಗಳು. ಪ್ರೆಸ್ಸಿನ ಇಡೀ ಬಲವನ್ನು ಗುಂಡುಗಳ ಮೂಲಕ ಕಳಿಸಿದ್ದಳು. ಕೂತಾಗ ಟಕ್ ಎಂದಿತಲ್ಲ, ಅಷ್ಟರಲ್ಲಿ ಅದು ಹೋಗಿತ್ತು. ಮಿರ್ಚಿ ತಿನ್ನಿಸಿದ್ದು ಸತ್ತ ಬೇರಿಂಗಿಗೆ.

ಬಿಗಿಯಾಗಿ ಕೂರಬೇಕಾದ ಬಳೆ ಯಾವುದೋ ಆಸರೆಯೂ ಅದಕ್ಕೇ ಬೇಕು. ಇದನ್ನು ಅವಳಿಗೆ ಯಾರೂ ಹೇಳಲಿಲ್ಲ. ಕೆಟ್ಟ ಉಕ್ಕು ಹೇಳಿತು.

“ಅಮ್ಮಾ, ಮೊದಲೇ ಯಾರನ್ನಾದರೂ ಕೇಳಿಬಿಡಬಹುದಿತ್ತಲ್ಲ” ಎಂದಳು ಹೊನ್ನವ್ವ.

“ಕೇಳಬಹುದಿತ್ತು. ಕೇಳಿದರೆ ಸೋತ ಹಾಗೆ ಎಂದು ಅವಳೇ ಒಂದು ಕಾಯಿದೆ ಮಾಡಿಕೊಂಡಿದ್ದಳು. ನೀನು ಆ ಕಾಗದಗಳನ್ನು ಓದುವಾಗ ತಿಳಿಯದ ಅಕ್ಷರವನ್ನು ನನ್ನಲ್ಲಿ ಕೇಳಿದೆಯಾ?” ಎಂದರು ಅಮ್ಮನವರು.

ಹೊನ್ನವ್ವ ತಲೆ ತಗ್ಗಿಸಿ ನಕ್ಕಳು. ಅಮ್ಮನವರೂ ನಕ್ಕರು. ಹಟವಿಲ್ಲದವಳು ಓದು ಕಲಿಯುವುದಿಲ್ಲ, ಕಾರೂ ಕಲಿಯುವುದಿಲ್ಲ ಎಂದು ಹೇಳಿ, ಮುಂದಿನದನ್ನು ಹೇಳಿದರು.

ಫಕೀರವ್ವ ಇನ್ನೊಂದು ಬೇರಿಂಗ್ ತಂದಳು. ಮತ್ತೆ ಗೋಣಿಚೀಲ ಹೊತ್ತು ಮೌಲಾಸಾಬನ ಅಂಗಡಿಗೆ ಹೋದಳು. ಹೋಗುವ ದಾರಿಯಲ್ಲಿ ಅವಳು ಬೇಡಿಕೊಂಡದ್ದು ಒಂದೇ, ಯಮನೂರಪ್ಪ ಅಲ್ಲಿ ಇರಬಾರದು. ಯಮನೂರಪ್ಪ ಅಲ್ಲೇ ಇದ್ದ. ಅವನ ಕಾರಿನ ಒಂದು ಪಟ್ಟಿ ಮುರಿದಿತ್ತು, ಬೆಸುಗೆಗೆ ತಂದಿದ್ದ. ಅವಳ ತಲೆಯ ಮೇಲಿನ ಚೀಲ ನೋಡಿದ. ಅವನ ಮುಖ ಅರಳಿತು.

ಹೊರಬಳೆಯನ್ನು ಗೆಣ್ಣಿನಲ್ಲಿ ಕೂರಿಸಿದಳು. ಹಬ್ ಹೊಂದಿಸಿದಳು. ಕೈ ಹಿಡಿಯ ಮೇಲೆ ಹೋಯಿತು. ಕೆಳಗೆ ಬಗ್ಗಿ ನೋಡಿದಳು. ಒಳಬಳೆಗೆ ಆಸರೆ ಬೇಕು ಎಂಬುದು ಗೊತ್ತು. ಆದರೆ ಯಾವುದನ್ನು ಆಸರೆಯಾಗಿ ಕೊಡಬೇಕು, ಅದರ ಬಾಯಿ ಎಷ್ಟಿರಬೇಕು ಎಂಬುದು ಇನ್ನೂ ಗೊತ್ತಿಲ್ಲ.

“ಮತ್ತ ನಿಂತ್ಯಾ?” ಎಂದ ಯಮನೂರಪ್ಪ. “ಒತ್ತವ್ವಾ, ಒತ್ತು. ಈ ಸಲ ಭಜಿ ತರಸು, ಮಿರ್ಚಿ ಖಾರ ಆಗಿತ್ತು.”

ಅವಳ ಕಿವಿ ಮೊದಲಿನಂತೆಯೇ ಕೆಂಪಾಯಿತು. ಕೈ ಮೊದಲಿನಂತೆಯೇ ಬಿಗಿಯಾಯಿತು. ಕಲಿತ ಮಾತ್ರಕ್ಕೆ ಸಿಟ್ಟು ಬಾರದೆ ಇರುವುದಿಲ್ಲ. ಆ ಬಿಗಿದ ಕೈಯನ್ನು ಹಿಡಿಯಿಂದ ಒಂದೊಂದೇ ಬೆರಳು ಬಿಡಿಸಿ ತೆಗೆದಳು. ಹುಟ್ಟಿದಾಗಿನಿಂದ ಆಡದ ಒಂದು ಮಾತನ್ನು ಆಡಿದಳು.

“ತಡೀರಿ ಅಣ್ಣಾರ. ನನಗ ಇನ್ನೂ ತಿಳಿದಿಲ್ಲ. ನೋಡಬೇಕು.”

ಯಮನೂರಪ್ಪ ಆ ಮಾತನ್ನು ನೆಲಕ್ಕೆ ಬೀಳಗೊಡಲಿಲ್ಲ. ಕೇಳಿದೆಯೇನೋ ಮೌಲಾ, ತಿಳಿದಿಲ್ಲವಂತೆ, ಅವಳ ಬಾಯಿಂದಲೇ ಬಂತು ಎಂದು ಅಂಗಡಿಗೆಲ್ಲ ಕೇಳುವ ಹಾಗೆ ಹೇಳಿದ. ಮೌಲಾಸಾಬ ಬೆಸುಗೆಯ ಕನ್ನಡಕ ಎತ್ತಿ ನೋಡಿ, ಮತ್ತೆ ಇಳಿಸಿದ. ಫಕೀರವ್ವ ಅಂಗಡಿಯ ಹಿಂದಿನ ಗುಜರಿಯ ರಾಶಿಗೆ ಹೋದಳು.

ಒಂದು ಕೊಳವೆಯ ತುಂಡು ತಂದು ಕೆಳಗೆ ಇಟ್ಟಳು. ಅದರ ಬಾಯಿ ದೊಡ್ಡದು, ಹೊರಬಳೆಗೂ ತಾಗುತ್ತಿತ್ತು. ಎತ್ತಿ ಎಸೆದಳು. ಇನ್ನೊಂದು ಸಣ್ಣದಾಯ್ತು, ಹಬ್‌ನ ತುದಿಗೇ ಅಡ್ಡ ಬಂತು. ಅದನ್ನೂ ಎಸೆದಳು. ಯಮನೂರಪ್ಪ ಕಾದು ಕಾದು ಬೇಸತ್ತ. ಅವನ ಪಟ್ಟಿಯ ಬೆಸುಗೆ ಮುಗಿಯಿತು. ಹೆಗಲ ಮೇಲೆ ಇಟ್ಟುಕೊಂಡು ಹೋದ. ಪ್ರೆಸ್ಸಿನ ಮುಂದೆ ಏನೂ ತೋಚದೆ ನಿಂತಿದ್ದಾಳೆ ಎಂದು ಅವನು ಸ್ಟ್ಯಾಂಡಿನಲ್ಲಿ ಹೇಳುವುದು ಅವಳಿಗೆ ಇಲ್ಲಿಂದಲೇ ಕೇಳಿಸಿದಂತಾಯಿತು.

ರಾಶಿಯ ಅಡಿಯಲ್ಲಿ ಯಾವುದೋ ಟ್ರಾಲಿಯ ಒಂದು ಹಳೆಯ ಬುಶ್, ದಪ್ಪನೆಯ ಉಕ್ಕಿನ ಉಂಗುರ, ಸಿಕ್ಕಿತು. ಅದರ ಬಾಯಿ ಒಳಬಳೆಯ ಅಳತೆಯದೇ. ಆದರೆ ಅಂಚು ಡೊಂಕು. ಅರ ತೆಗೆದುಕೊಂಡು, ನೆಲದ ಮೇಲೆ ಕುಳಿತು, ಅಂಚನ್ನು ಉಜ್ಜಿ ಸಮ ಮಾಡಿದಳು. ಉಜ್ಜುವುದು, ಕಲ್ಲಿನ ಮೇಲೆ ಇಟ್ಟು ನೋಡುವುದು, ಮತ್ತೆ ಉಜ್ಜುವುದು. ಯಾರೂ ನೋಡುತ್ತಿರಲಿಲ್ಲ. ಆ ಹೊತ್ತಿನಲ್ಲಿ ತನಗೆ ಏನೋ ಹಗುರವಾಗುತ್ತಿದೆ ಎಂದು ಅವಳಿಗೆ ಅನಿಸಿತು. ಕಿಟಕಿಯ ಮುಂದೆ ಕುಳಿತು ಕಾರುಗಳನ್ನು ನೋಡುತ್ತಿದ್ದ ದಿನಗಳಲ್ಲಿ ಹೀಗೇ ಇರುತ್ತಿತ್ತು. ಆಗ ಯಾರಿಗೂ ಏನನ್ನೂ ತೋರಿಸುವುದಿರಲಿಲ್ಲ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯುವ ಆಸೆ ಒಂದೇ ಇತ್ತು.

ಬುಶ್ಶನ್ನು ಒಳಬಳೆಯ ಕೆಳಗೆ ಇಟ್ಟಳು. ಹಿಡಿಯನ್ನು ಒತ್ತಿದಳು. ಒತ್ತಡ ಹಬ್‌ನಿಂದ ಒಳಬಳೆಗೆ ಹೋಯಿತು, ಒಳಬಳೆಯಿಂದ ಬುಶ್ಶಿಗೆ, ಬುಶ್ಶಿನಿಂದ ಪ್ರೆಸ್ಸಿನ ತಳಕ್ಕೆ. ಗುಂಡುಗಳಿಗೆ ಸುದ್ದಿಯೇ ಮುಟ್ಟಲಿಲ್ಲ. ಹಬ್ ಮೊದಲಿನ ಸಲದಂತೆಯೇ ಇಳಿಯಿತು, ಮೊದಲಿನ ಸಲದಂತೆಯೇ ಟಕ್ ಎಂದಿತು. ಹೊರಗಿನಿಂದ ನೋಡುವವರಿಗೆ ಎರಡಕ್ಕೂ ಭೇದವಿಲ್ಲ.

ಚಕ್ರ ಕಟ್ಟಿದಳು. ನಡುವಿನ ನಟ್ಟನ್ನು ಬಿಗಿದು, ಅದು ಕಳಚದ ಹಾಗೆ ಅದರ ಅಂಚನ್ನು ಅಚ್ಚಿನ ಕಚ್ಚಿಗೆ ತಟ್ಟಿ ಮಡಿಸಿದಳು. ಸ್ಪ್ರಿಂಗಿನ ಮೇಲೆ ಅಂಗೈ ಇಟ್ಟು ಚಕ್ರ ತಿರುವಿದಳು. ಅಂಗೈಗೆ ಏನೂ ಆಗಲಿಲ್ಲ. ಗಿರ್ಮಿಟ್ಟು ತರಿಸಲಿಲ್ಲ. ಸ್ಟ್ಯಾಂಡಿನ ಸುತ್ತ ಸುತ್ತಲಿಲ್ಲ. ಸಾಲಿನಲ್ಲಿ ತನ್ನ ಜಾಗಕ್ಕೆ ಬಂದು ನಿಲ್ಲಿಸಿದಳು. ಯಾರಾದರೂ ಗಮನಿಸುತ್ತಾರೆ ಎಂದು ಮನಸ್ಸಿನ ಮೂಲೆಯಲ್ಲಿ ಕಾದಳು. ಯಾರೂ ಗಮನಿಸಲಿಲ್ಲ. ಸದ್ದು ಇದ್ದರೆ ತಿರುಗಿ ನೋಡುವ ಜನ, ಇಲ್ಲದ್ದನ್ನು ಹೇಗೆ ನೋಡಿಯಾರು?

ತಿಂಗಳು ಕಳೆಯಿತು. ಇನ್ನೊಂದು ತಿಂಗಳೂ ಕಳೆಯಿತು. ಒಂದು ಮುಂಜಾನೆ ಯಾರೋ ಹೊಸ ಡ್ರೈವರು ತನ್ನ ಕಾರಿನ ಚಕ್ರ ಗುಂಯ್‌ಗುಡುತ್ತಿದೆ ಎಂದ. ಯಮನೂರಪ್ಪ ಬೀಡಿಯ ಹೊಗೆ ಬಿಟ್ಟು, ಮೌಲಾನ ಹತ್ತಿರ ಹೋಗು, ಫಕೀರವ್ವನಿಗೂ ಇದೇ ಆಗಿತ್ತು, ಅವಳಿಗೆ ತಿಳಿಯದೆ ನಿಂತಿದ್ದಳು, ಅವನೇ ಕೈ ಹಾಕಿ ಸರಿ ಮಾಡಿ ಕೊಟ್ಟ ಎಂದ. ಎಲ್ಲರೂ ಹೌದೆಂದರು. ಎಲ್ಲರಿಗೂ ಹಾಗೆಂದೇ ಗೊತ್ತಿತ್ತು.

ಫಕೀರವ್ವ ಅಲ್ಲೇ ಇದ್ದಳು. ಗಾಜು ಒರೆಸುತ್ತಿದ್ದಳು. ನಾನು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೊಟ್ಟೆ ಉರಿಯಲಿಲ್ಲ ಎಂದಲ್ಲ, ಉರಿಯಿತು. ಅಷ್ಟರಲ್ಲಿ ತುಳಸಾಬಾಯಿಯ ಹೊತ್ತಾಯಿತು. ಬಟ್ಟೆ ಹಿಂಡಿ ಒಣಹಾಕಿ ಹೊರಟಳು.

ಹಿಂದಿರುಗುವ ದಾರಿಯಲ್ಲಿ ಮುದುಕಿ ಮಾತಾಡುತ್ತಿದ್ದಳು. ಮೊಮ್ಮಗಳಿಗೆ ನೋಡಿದ ಗಂಡಿನ ಮೂಗಿನ ಬಗ್ಗೆ ಏನೋ ಹೇಳುತ್ತಿದ್ದವಳು ನಡುವೆಯೇ ಮಾತು ನಿಲ್ಲಿಸಿದಳು. ಫಕೀರವ್ವ ಕನ್ನಡಿಯಲ್ಲಿ ನೋಡಿದಳು. ತುಳಸಾಬಾಯಿ ನಿದ್ದೆ ಹೋಗಿದ್ದಳು. ಬಾಯಿ ತೆರೆದಿತ್ತು. ಎರಡು ಕೈಗಳೂ ಮಡಿಲಲ್ಲಿ ಬಿದ್ದಿದ್ದವು. ದಾರಿ ಬಲಕ್ಕೆ ಹೊರಳಿತು, ಭಾರವೆಲ್ಲ ಎಡಚಕ್ರದ ಮೇಲೆ ಬಂತು. ಮುದುಕಿ ಮಿಸುಕಲಿಲ್ಲ. ಫಕೀರವ್ವ ವೇಗ ತಗ್ಗಿಸಿದಳು, ಅವಳ ನಿದ್ದೆ ಇನ್ನಷ್ಟು ದೂರ ಸಾಗಲಿ ಎಂದು.

ಅಮ್ಮನವರು ಕತೆ ನಿಲ್ಲಿಸಿದರು.

ಹೊನ್ನವ್ವ ಕಾದಳು. “ಹಾಗಾದರೆ ಆ ಯಮನೂರಪ್ಪನಿಗೆ ಇವತ್ತಿಗೂ ತಿಳಿದಿಲ್ಲವೇ?” ಎಂದಳು.

ಇಲ್ಲ ಎಂದು ಅಮ್ಮನವರು ತಲೆಯಾಡಿಸಿದರು.

“ಇದು ಅನ್ಯಾಯ ಅಮ್ಮಾ. ಅಷ್ಟೆಲ್ಲ ಪಟ್ಟ ಮೇಲೆ ಅವಳ ಪಾಲಿಗೆ ಏನು ಬಂತು?”

ಅಮ್ಮನವರು ಎದ್ದು ನಿಂತರು. ಒಂದೇ ಮಾತು ಹೇಳಿದರು:

“ಸದ್ದು ಮಾಡದ ಒಂದು ಚಕ್ರ ಈಗ ಅವಳ ಸ್ವಂತದ್ದು, ಅದನ್ನು ಯಾರಿಗೂ ಕೇಳಿಸಲಾಗದು ಎಂಬುದೇ ಅವಳು ತೆತ್ತ ಬೆಲೆ.”